ಕೊರೋನಾ ಕಾಲದ ಸ್ಟಿಮ್ಯುಲಸ್ ಹಣ: ಅಮೆರಿಕದ ತೆರಿಗೆ ರಿಟರ್ನ್‌ನಲ್ಲಿ ಲೆಕ್ಕ ಹೊಂದಿಸುವ ಬಗೆ

ಅಮೆರಿಕದಲ್ಲಿರುವ ಕನ್ನಡಿಗರು 2020 ಮತ್ತು 2021ರ ತೆರಿಗೆ ರಿಟರ್ನ್‌ಗಳನ್ನು ಮತ್ತೆ ಹೊರತೆಗೆಯಬೇಕಾದ ಸಂದರ್ಭ ಈಗಲೂ ಬರುತ್ತದೆ. ಗ್ರೀನ್ ಕಾರ್ಡ್ ಅರ್ಜಿಗೋ ಪೌರತ್ವದ ಅರ್ಜಿಗೋ ವಕೀಲರು ಹಳೆಯ ತೆರಿಗೆ ದಾಖಲೆ ಕೇಳುತ್ತಾರೆ. ತೆಗೆಸಿ ನೋಡಿದರೆ ನೀವು ಎಂದೂ ಬರೆಯದ ಒಂದು ಕ್ರೆಡಿಟ್ (ತೆರಿಗೆ ಲೆಕ್ಕದಲ್ಲಿ ನಿಮಗೆ ಸಲ್ಲುವ ಮೊತ್ತ), ಅದರ ಬೆನ್ನಿಗೇ ಒಂದು ರೀಫಂಡ್ ಅಲ್ಲಿ ಕುಳಿತಿರುತ್ತದೆ. ಇನ್ನು ಕೆಲವರಿಗೆ ರಿಟರ್ನ್‌ನ ಸಾಲು 30ರಲ್ಲಿ ಬರೆದ ಮೊತ್ತ ತಪ್ಪೆಂದು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಬರೆದ ಪತ್ರ ಬಗೆಹರಿಯದೆ ಫೈಲಿನಲ್ಲಿ ಉಳಿದಿದೆ. ವಿದ್ಯಾರ್ಥಿಯಾಗಿದ್ದಾಗ ಬಂದ ಸ್ಟಿಮ್ಯುಲಸ್ ಹಣ, ಅಂದರೆ ಕೊರೋನಾ ಕಾಲದಲ್ಲಿ ಅಮೆರಿಕ ಸರ್ಕಾರ ಜನರಿಗೆ ನೇರವಾಗಿ ಕೊಟ್ಟ ಹಣ, ತಮಗೆ ಸಲ್ಲಬೇಕಾದದ್ದೇ ಆಗಿತ್ತೇ ಎಂಬ ಅನುಮಾನ ಮತ್ತೆ ಕೆಲವರದು. ಈ ಮೂವರಿಗೂ ಬೇಕಾದ ಲೆಕ್ಕ ಒಂದೇ.

ಹಣ ಕೇಳುವ ಗಡುವಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. 2020ರ ರಿಟರ್ನ್ ಮೂಲಕ ಸ್ಟಿಮ್ಯುಲಸ್ ಹಣದ ಈ ಕ್ರೆಡಿಟ್ ಕೇಳಲು 2024ರ ಮೇ 17 ಕೊನೆಯ ದಿನವಾಗಿತ್ತು. 2021ರದ್ದಕ್ಕೆ 2025ರ ಏಪ್ರಿಲ್ 15. ಆ ದಿನಗಳೊಳಗೆ ಅರ್ಜಿ ಹಾಕಿ ಇನ್ನೂ ವ್ಯವಹಾರ ಮುಗಿಯದವರಿಗೆ, ಬಂದ ನೋಟಿಸಿಗೆ ಉತ್ತರ ಕೊಡಬೇಕಾದವರಿಗೆ, ತಪ್ಪಾಗಿ ಬಂದ ಹಣವನ್ನು ಮರಳಿಸಬೇಕಾದವರಿಗೆ ಈ ಬರಹ. ಹೊಸದಾಗಿ ಹಣ ಕೊಡಿಸುತ್ತೇನೆಂದು ಇಂದು ಯಾರಾದರೂ ಕರೆ ಮಾಡಿದರೆ ಫೋನ್ ಇಟ್ಟುಬಿಡಿ.

ಮೂರು ಕಂತು, ಎರಡು ವರ್ಷ

ಸ್ಟಿಮ್ಯುಲಸ್ ಹಣ ಎಂದು ನಾವು ಕರೆದದ್ದು ಕಾನೂನಿನ ಕಣ್ಣಲ್ಲಿ ತೆರಿಗೆ ಕ್ರೆಡಿಟ್‌ನ ಮುಂಗಡ. ಕ್ರೆಡಿಟ್‌ನ ಹೆಸರು ರಿಕವರಿ ರಿಬೇಟ್ ಕ್ರೆಡಿಟ್. ನಮ್ಮ ಸರ್ಕಾರಿ ನೌಕರರಿಗೆ ಕೊಡುವ ಹಬ್ಬದ ಮುಂಗಡದಂತೆ ಇದು ಕೂಡ ಮೊದಲು ಕೈಗೆ ಬಂತು, ಲೆಕ್ಕ ಆಮೇಲೆ. ಆದರೆ ಹಬ್ಬದ ಮುಂಗಡವನ್ನು ಸಂಬಳದಿಂದ ಹಿಡಿದುಕೊಳ್ಳುತ್ತಾರೆ, ಇದನ್ನು ಹಿಡಿಯುವುದಿಲ್ಲ. ಕಡಿಮೆ ಬಂದಿದ್ದರೆ ಉಳಿದದ್ದನ್ನು ರಿಟರ್ನ್‌ನಲ್ಲಿ ಕೇಳಿ ಪಡೆಯಬಹುದಿತ್ತು. ಆದಾಯ ಏರಿದ್ದರಿಂದ ಹೆಚ್ಚು ಬಂದಂತಾಗಿದ್ದರೆ ಮರಳಿ ಕಟ್ಟುವ ಅಗತ್ಯವಿಲ್ಲ. ಇದು ಆದಾಯವೂ ಅಲ್ಲ. ರಿಟರ್ನ್‌ನಲ್ಲಿ ಸಂಬಳದ ಜೊತೆ ಸೇರಿಸುವಂತಿಲ್ಲ, ಇದರ ಮೇಲೆ ತೆರಿಗೆಯೂ ಇಲ್ಲ.

ಮೊದಲ ಕಂತು 2020ರ ಮಾರ್ಚ್ 27ರಂದು ಸಹಿಯಾದ ಕೇರ್ಸ್ ಕಾಯ್ದೆಯದು: ವಯಸ್ಕರಿಗೆ ತಲಾ 1,200 ಡಾಲರ್, 17 ವರ್ಷದೊಳಗಿನ ಮಗುವಿಗೆ 500. ಎರಡನೆಯದು ಅದೇ ವರ್ಷದ ಡಿಸೆಂಬರ್ 27ರ ಕಾಯ್ದೆಯದು: ದೊಡ್ಡವರಿಗೂ ಮಕ್ಕಳಿಗೂ ತಲಾ 600. ಮೂರನೆಯದು 2021ರ ಮಾರ್ಚ್ 11ರ ಅಮೆರಿಕನ್ ರೆಸ್ಕ್ಯೂ ಪ್ಲಾನ್ ಕಾಯ್ದೆಯದು: ತಲಾ 1,400, ಅದೂ ಯಾವ ವಯಸ್ಸಿನ ಅವಲಂಬಿತರಿಗೂ.

ಎಡವುವುದು ಇಲ್ಲಿಯೇ. ಎರಡನೆಯ ಕಂತು ಬಹುಪಾಲು ಜನರ ಖಾತೆಗೆ ಬಿದ್ದದ್ದು 2021ರ ಜನವರಿಯಲ್ಲಿ. ಆದರೂ ಅದು ಸೇರಬೇಕಾದದ್ದು 2020ರ ರಿಟರ್ನ್‌ಗೆ. ಮೊದಲ ಎರಡು ಕಂತುಗಳ ಲೆಕ್ಕ 2020ರ ಫಾರ್ಮ್ 1040ರ (ಆದಾಯ ತೆರಿಗೆ ರಿಟರ್ನ್‌ನ ನಮೂನೆ) ಸಾಲು 30ರಲ್ಲಿ, ಮೂರನೆಯದರ ಲೆಕ್ಕ 2021ರ ಫಾರ್ಮ್ 1040ರ ಸಾಲು 30ರಲ್ಲಿ. ಸಾಲಿನ ಸಂಖ್ಯೆ ಎರಡೂ ವರ್ಷ ಒಂದೇ ಆದದ್ದು ಗೊಂದಲಕ್ಕೆ ಇನ್ನಷ್ಟು ಇಂಬು ಕೊಟ್ಟಿತು. ಬ್ಯಾಂಕಿನ ತಾರೀಖು ನೋಡಿ ವರ್ಷ ತೀರ್ಮಾನಿಸಬೇಡಿ.

ಮೊದಲ ಹೆಜ್ಜೆ: ನಿಜವಾಗಿ ಎಷ್ಟು ಬಂತು?

ನೆನಪನ್ನು ನಂಬಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದನ್ನೇ ನಂಬಿದರೂ ಸಾಲದು. ಐಆರ್‌ಎಸ್ ತನ್ನ ಪುಸ್ತಕದಲ್ಲಿ ಏನು ಬರೆದುಕೊಂಡಿದೆ ಎಂಬುದೇ ಇಲ್ಲಿ ಮುಖ್ಯ, ಏಕೆಂದರೆ ನಿಮ್ಮ ಸಾಲು 30ನ್ನು ಅದು ಹೋಲಿಸಿ ನೋಡುವುದು ಆ ಪುಸ್ತಕದ ಜೊತೆಗೆ.

ಪ್ರತಿ ಕಂತಿನ ನಂತರ ಒಂದು ಪತ್ರ ಬಂದಿತ್ತು. ಮೊದಲನೆಯದಕ್ಕೆ ನೋಟಿಸ್ 1444, ಎರಡನೆಯದಕ್ಕೆ 1444-ಬಿ, ಮೂರನೆಯದಕ್ಕೆ 1444-ಸಿ. 2022ರ ಆರಂಭದಲ್ಲಿ ಮೂರನೆಯ ಕಂತಿನ ಒಟ್ಟು ಮೊತ್ತ ತಿಳಿಸುವ ಪತ್ರ 6475 ಬಂತು. ಇವು ಸಿಕ್ಕರೆ ಸಂತೋಷ. ಸಿಗದಿದ್ದರೆ ಐಆರ್‌ಎಸ್ ಜಾಲತಾಣದಲ್ಲಿ ನಿಮ್ಮ ಖಾತೆಗೆ ಹೋಗಿ 2020 ಮತ್ತು 2021ರ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ ಇಳಿಸಿಕೊಳ್ಳಿ. ರಿಟರ್ನ್ ಟ್ರಾನ್ಸ್‌ಕ್ರಿಪ್ಟ್ ಅಲ್ಲ. ಅದರಲ್ಲಿ ನೀವು ಬರೆದುಕೊಟ್ಟದ್ದು ಮಾತ್ರ ಇರುತ್ತದೆ, ಅವರು ಕಳುಹಿಸಿದ್ದು ಇರುವುದಿಲ್ಲ.

ಅಕೌಂಟ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸಂಕೇತ 766ರ ಎದುರು ‘ಟ್ಯಾಕ್ಸ್ ರಿಲೀಫ್ ಕ್ರೆಡಿಟ್’ ಎಂದು ಇದ್ದರೆ ಅದೇ ಸ್ಟಿಮ್ಯುಲಸ್. ಆ ಮೊತ್ತದ ಹಿಂದೆ ಋಣ ಚಿಹ್ನೆ ಕಂಡು ಗಾಬರಿಯಾಗಬೇಕಿಲ್ಲ. ಈ ದಾಖಲೆಯಲ್ಲಿ ಋಣ ಚಿಹ್ನೆ ಎಂದರೆ ನಿಮ್ಮ ಪರವಾದ ಮೊತ್ತ. ಅದರ ಜೊತೆಗೆ ಸಂಕೇತ 846 ಇದ್ದರೆ ಹಣ ಹೊರಟಿದೆ ಎಂದು ಅರ್ಥ. ಆ ತಾರೀಖನ್ನು ಬ್ಯಾಂಕಿನ ದಾಖಲೆಯೊಂದಿಗೆ ತಾಳೆ ನೋಡಿ.

ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಸಲ್ಲಿಸಿದ್ದರೆ ಐಆರ್‌ಎಸ್ ಕಂತನ್ನು ಇಬ್ಬರ ಹೆಸರಿಗೂ ಅರ್ಧರ್ಧ ಹಂಚಿ ದಾಖಲಿಸುತ್ತದೆ. ಪತ್ರ 6475 ಕೂಡ ಇಬ್ಬರಿಗೂ ಬೇರೆ ಬೇರೆಯಾಗಿ ಬಂತು. ಒಬ್ಬರ ಪತ್ರದಲ್ಲಿದ್ದ 2,800ನ್ನು ಮಾತ್ರ ನೋಡಿ, ನಮಗೆ 5,600 ಬರಬೇಕಿತ್ತು, ಅರ್ಧ ಬಾಕಿ ಇದೆ ಎಂದು ಸಾಲು 30ರಲ್ಲಿ ಬರೆದ ಕುಟುಂಬಗಳಿಗೆ ರೀಫಂಡ್ ತಡವಾಗಿ ಬಂತು, ಆ ಮೊತ್ತ ಕಡಿತವೂ ಆಯಿತು. ಇಬ್ಬರ ಖಾತೆಗಳನ್ನೂ ತೆರೆದು ಎರಡೂ ಮೊತ್ತ ಕೂಡಿಸಿ. ಆಮೇಲೆ ವಿಚ್ಛೇದನವಾಗಿದ್ದರೂ ಅಥವಾ ಬೇರೆ ಬೇರೆ ರಿಟರ್ನ್ ಸಲ್ಲಿಸಿದ್ದರೂ ಜಂಟಿಯಾಗಿ ಬಂದ ಹಣದಲ್ಲಿ ಅರ್ಧ ನಿಮ್ಮದೆಂದೇ ಲೆಕ್ಕ, ಹಣ ನಿಜವಾಗಿ ಯಾರ ಖಾತೆಯಲ್ಲಿ ಬಿದ್ದಿದ್ದರೂ ಸರಿ.

ದಾಖಲೆಯಲ್ಲಿ ಹಣ ಹೋಗಿದೆ, ಕೈಗೆ ಬಂದಿಲ್ಲ ಎಂದಾದರೆ? ಮೊದಲು ಒಂದು ವಿಷಯ ನೆನಪಿಸಿಕೊಳ್ಳಿ. ಕೆಲವರಿಗೆ ಈ ಹಣ ಚೆಕ್ ಆಗಿ ಬರಲಿಲ್ಲ, ಪ್ರಿಪೇಯ್ಡ್ ವೀಸಾ ಕಾರ್ಡ್ ಆಗಿ ಬಂತು. ಮೊದಲ ಕಂತಿನ ಲಕೋಟೆಯ ಮೇಲೆ ಖಜಾನೆಯ ಹೆಸರು ಎದ್ದು ಕಾಣುತ್ತಿರಲಿಲ್ಲ. ಜಾಹೀರಾತೆಂದು ಕಸದ ಬುಟ್ಟಿಗೆ ಹಾಕಿದವರು ಎಷ್ಟೋ ಮಂದಿ. ಇಂಥ ಸಂದರ್ಭದಲ್ಲಿ ಅದೇ ಮೊತ್ತವನ್ನು ಸಾಲು 30ರಲ್ಲಿ ಕೇಳಿದರೆ ಸಿಗುವುದಿಲ್ಲ. ಪಾವತಿಯ ಜಾಡು ಹಿಡಿಯುವಂತೆ ಕೋರಬೇಕು, ಅದಕ್ಕೆ ಫಾರ್ಮ್ 3911 ಇದೆ. ಜಂಟಿ ರಿಟರ್ನ್ ಆದರೆ ಇಬ್ಬರ ಸಹಿಯೂ ಬೇಕು. ಚೆಕ್ ನಗದಾಗಿದ್ದರೆ ಅದರ ಪ್ರತಿಯನ್ನು ನಿಮಗೆ ಕಳುಹಿಸುತ್ತಾರೆ. ಹಿಂಬದಿಯ ಸಹಿ ನಿಮ್ಮದೇ ಎಂದು ನೋಡಿಕೊಳ್ಳಬಹುದು. ನಗದಾಗಿಲ್ಲವಾದರೆ ಆ ಪಾವತಿ ನಿಮ್ಮ ಲೆಕ್ಕದಿಂದ ಹೊರಹೋಗುತ್ತದೆ.

ಎರಡನೆಯ ಹೆಜ್ಜೆ: ನೀವು ಅರ್ಹರೇ?

ನಮ್ಮವರಿಗೆ ಎಲ್ಲಕ್ಕಿಂತ ತಲೆನೋವು ತಂದದ್ದು ಈ ಭಾಗ. ಆದಾಯದ ಮಿತಿ ಯಾರಿಗಾದರೂ ಅರ್ಥವಾಗುತ್ತದೆ. ವೀಸಾ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ತೆರಿಗೆ ಮಟ್ಟಿಗಿನ ನಿವಾಸಿತನ ಮೂರೂ ಹೆಣೆದುಕೊಂಡಾಗ ಅನುಭವಿ ಲೆಕ್ಕಿಗರೂ ತಡವರಿಸುತ್ತಾರೆ.

ನಿವಾಸಿತನದಿಂದ ಆರಂಭಿಸಿ. ಪೌರರಾಗಿರಬೇಕೆಂದಾಗಲೀ ಗ್ರೀನ್ ಕಾರ್ಡ್ ಇರಬೇಕೆಂದಾಗಲೀ ಕಡ್ಡಾಯವಿರಲಿಲ್ಲ. ತೆರಿಗೆಯ ದೃಷ್ಟಿಯಲ್ಲಿ ನಿವಾಸಿಯಾಗಿದ್ದ ಎಚ್-1ಬಿ ನೌಕರರೂ ಅರ್ಹರೇ. ಅನಿವಾಸಿಗಳಿಗೆ, ಅಂದರೆ ಫಾರ್ಮ್ 1040-ಎನ್‌ಆರ್ ಸಲ್ಲಿಸಬೇಕಾದವರಿಗೆ, ಈ ಕ್ರೆಡಿಟ್ ಇಲ್ಲ. ಎಫ್-1 ವೀಸಾದ ವಿದ್ಯಾರ್ಥಿ ಅಮೆರಿಕಕ್ಕೆ ಬಂದ ಮೊದಲ ಐದು ಕ್ಯಾಲೆಂಡರ್ ವರ್ಷಗಳ ದಿನಗಳನ್ನು ನಿವಾಸಿತನದ ಎಣಿಕೆಗೆ ಹಿಡಿಯುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಬಂದಿಳಿದರೂ ಆ ವರ್ಷ ಪೂರ್ತಿ ಒಂದು ವರ್ಷವೆಂದೇ ಲೆಕ್ಕ. ಓಪಿಟಿಯಲ್ಲಿ, ಅಂದರೆ ವಿದ್ಯಾರ್ಥಿಗಳಿಗೆ ಸಿಗುವ ತರಬೇತಿ ಕೆಲಸದ ಅನುಮತಿಯಲ್ಲಿ, ಕೆಲಸ ಮಾಡುತ್ತಿದ್ದರೂ ವೀಸಾ ಎಫ್-1 ಆಗಿರುವುದರಿಂದ ಇದೇ ನಿಯಮ.

ತಾರೀಖು ಇಟ್ಟುಕೊಂಡು ನೋಡೋಣ. 2015ರ ಆಗಸ್ಟ್‌ನಲ್ಲಿ ಬಂದ ವಿದ್ಯಾರ್ಥಿಗೆ 2015ರಿಂದ 2019ರವರೆಗೆ ಐದು ವರ್ಷ ಕಳೆಯಿತು. 2020ರಲ್ಲಿ ಆತ ವರ್ಷವಿಡೀ ಅಮೆರಿಕದಲ್ಲಿದ್ದರೆ ನಿವಾಸಿ. ಮೂರೂ ಕಂತುಗಳಿಗೆ ಅರ್ಹನಾಗಬಲ್ಲ. 2016ರ ಆಗಸ್ಟ್‌ನಲ್ಲಿ ಬಂದವನಿಗೆ ಐದನೆಯ ವರ್ಷ 2020. ಹಾಗಾಗಿ ಮೊದಲ ಎರಡು ಕಂತು ಇಲ್ಲ, 2021ರಲ್ಲಿ ನಿವಾಸಿಯಾದ್ದರಿಂದ ಮೂರನೆಯದು ಉಂಟು. ಇನ್ನು 2018ರಲ್ಲಿ ಬಂದು 2020ರ ಅಕ್ಟೋಬರ್ 1ರಂದು ಎಚ್-1ಬಿಗೆ ಬದಲಾದವರ ವಿಷಯ. ಆ ವರ್ಷ ಅವರ ಎಣಿಕೆಗೆ ಸಿಗುವುದು 92 ದಿನ ಮಾತ್ರ, ನಿವಾಸಿಯೆನಿಸಲು ಬೇಕಾದ 183 ದಿನಕ್ಕೆ ತಲುಪುವುದಿಲ್ಲ. ಒಂಟಿಯಾಗಿ ಸಲ್ಲಿಸುವ ಅಂಥವರು 2020ಕ್ಕೆ ಅನಿವಾಸಿ. 2021ರಲ್ಲಿ ಇಡೀ ವರ್ಷ ಎಚ್-1ಬಿ ಆದ್ದರಿಂದ ನಿವಾಸಿ. ಮದುವೆಯಾಗಿದ್ದು ಸಂಗಾತಿ ಪೌರರೋ ನಿವಾಸಿಯೋ ಆಗಿದ್ದರೆ, ಇಬ್ಬರೂ ಸೇರಿ ಇಡೀ ವರ್ಷ ನಿವಾಸಿಗಳೆಂದು ಪರಿಗಣಿಸಿ ಎಂದು ಆಯ್ಕೆ ಮಾಡಿಕೊಳ್ಳುವ ಅವಕಾಶ ಕಾನೂನಿನಲ್ಲಿದೆ. ಆಗ ಉತ್ತರ ಬದಲಾಗುತ್ತದೆ.

ಮುಂದಿನದು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ. ಅದು ಕೆಲಸಕ್ಕೆ ಸಲ್ಲುವಂಥದ್ದಾಗಿರಬೇಕು. ವಲಸೆ ಇಲಾಖೆಯ ಅನುಮತಿಯಿದ್ದರೆ ಮಾತ್ರ ಕೆಲಸಕ್ಕೆ ಸಲ್ಲುತ್ತದೆ ಎಂದು ಮುದ್ರಿಸಿದ ಕಾರ್ಡ್ ನಡೆಯುತ್ತದೆ, ಆ ಅನುಮತಿ ಚಾಲ್ತಿಯಲ್ಲಿದ್ದರೆ ಸಾಕು. ಎಚ್-1ಬಿ ನೌಕರರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದ ಮೇಲೆ ಬಂದು ಕೆಲಸದ ಪರವಾನಗಿ ಇಲ್ಲದ ಸಂಗಾತಿಗೆ ಇದ್ದದ್ದು ಐಟಿಐಎನ್ ಮಾತ್ರ, ಅಂದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ಸಂಖ್ಯೆ. ಕೇರ್ಸ್ ಕಾಯ್ದೆ ಇಂಥ ದಂಪತಿಗಳ ವಿಷಯದಲ್ಲಿ ಕಠೋರವಾಗಿತ್ತು. ಜಂಟಿ ರಿಟರ್ನ್‌ನಲ್ಲಿ ಒಬ್ಬರಿಗೆ ಐಟಿಐಎನ್ ಇದ್ದರೂ, ಸೇನೆಯವರನ್ನು ಬಿಟ್ಟು, ಇಡೀ ಕುಟುಂಬಕ್ಕೆ ಸೊನ್ನೆ. ಇಲ್ಲಿಯೇ ಹುಟ್ಟಿದ, ಹುಟ್ಟಿನಿಂದಲೇ ಪೌರನಾದ ಮಗುವಿಗೂ ಸೊನ್ನೆ. ತೆರಿಗೆಯನ್ನು ಮಾತ್ರ ಎಲ್ಲರಂತೆಯೇ ಕಟ್ಟಿಸಿಕೊಂಡು ಹೀಗೆ ಮಾಡಿದ್ದು ನ್ಯಾಯವೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ.

ಡಿಸೆಂಬರ್ ಕಾಯ್ದೆ ಇದನ್ನು ಹಿಂದಿನಿಂದಲೇ ಜಾರಿಯಾಗುವಂತೆ ತಿದ್ದಿತು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುವ ಸಂಗಾತಿ ತನ್ನ ಪಾಲನ್ನೂ, ಸಂಖ್ಯೆ ಇರುವ ಮಕ್ಕಳ ಪಾಲನ್ನೂ ಪಡೆಯಬಹುದೆಂದಾಯಿತು. ಆದರೆ ಮೊದಲ ಕಂತಿನ ತಪ್ಪಿಹೋದ ಹಣವನ್ನು ಐಆರ್‌ಎಸ್ ತಾನಾಗಿ ಕಳುಹಿಸಲಿಲ್ಲ, 2020ರ ರಿಟರ್ನ್‌ನಲ್ಲಿ ಕೇಳಬೇಕಿತ್ತು. ಆದಾಯ 1,20,000 ಡಾಲರ್ ಇದ್ದು, ಗಂಡ ಎಚ್-1ಬಿ, ಹೆಂಡತಿ ಐಟಿಐಎನ್, ಒಂದು ಮಗು ಅಮೆರಿಕದಲ್ಲಿ ಹುಟ್ಟಿದ್ದು ಎಂದಿಟ್ಟುಕೊಳ್ಳಿ. ಮೊದಲ ಕಂತಿನ ಬಾಬ್ತು 1,200 ಮತ್ತು 500 ಸೇರಿ 1,700. ಎರಡನೆಯದರ ಬಾಬ್ತು 600 ಮತ್ತು 600 ಸೇರಿ 1,200, ಅದು ಮೊದಲೇ ಬಂದಿದ್ದರೆ ಅದನ್ನು ಕಳೆಯಬೇಕು. ಮೂರನೆಯ ಕಂತಿನಲ್ಲಿ ನಿಯಮ ಇನ್ನೂ ಸಡಿಲ. ತಂದೆ ತಾಯಿ ಇಬ್ಬರಿಗೂ ಐಟಿಐಎನ್ ಇದ್ದು ಮಗುವಿಗೆ ಮಾತ್ರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇದ್ದರೂ ಮಗುವಿನ 1,400 ಸಲ್ಲುತ್ತದೆ.

ಆಗ ಐಟಿಐಎನ್ ಇದ್ದು ಆಮೇಲೆ ಸಂಖ್ಯೆ ಬಂದವರು ಹಳೆಯ ವರ್ಷಕ್ಕೆ ಕೇಳಬಹುದೇ ಎಂಬ ಪ್ರಶ್ನೆ ಪದೇಪದೇ ಬರುತ್ತದೆ. ಆಗುವುದಿಲ್ಲ. ಆಯಾ ವರ್ಷದ ರಿಟರ್ನ್ ಸಲ್ಲಿಸುವ ಗಡುವಿನೊಳಗೆ, ಹೆಚ್ಚುವರಿ ಕಾಲಾವಕಾಶ ಪಡೆದಿದ್ದರೆ ಆ ದಿನದೊಳಗೆ, ಸಂಖ್ಯೆ ನೀಡಿರಬೇಕಿತ್ತು.

ಊರಿನಿಂದ ಬಂದ ತಂದೆ ತಾಯಿಯರ ವಿಷಯಕ್ಕೂ ಇದೇ ಅಳತೆ. ಬಾಣಂತನಕ್ಕೆಂದು ಪ್ರವಾಸಿ ವೀಸಾದಲ್ಲಿ ಬಂದ ಅಮ್ಮ, ಕೋವಿಡ್‌ನಿಂದ ವಿಮಾನಗಳು ನಿಂತು ತಿಂಗಳುಗಟ್ಟಲೆ ಉಳಿದುಕೊಂಡಿದ್ದರೂ ಅವರ ಹೆಸರಿನಲ್ಲಿ 1,400 ಕೇಳುವಂತಿರಲಿಲ್ಲ, ಏಕೆಂದರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲ. ಗ್ರೀನ್ ಕಾರ್ಡ್ ಪಡೆದು ನಿಮ್ಮೊಂದಿಗಿದ್ದು, ಅವರ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ನೀವೇ ನೋಡಿಕೊಂಡು, ಅವರ ಸ್ವಂತ ಆದಾಯ 2021ರಲ್ಲಿ 4,300 ಡಾಲರಿಗಿಂತ ಕಡಿಮೆ ಇದ್ದರೆ ಅವರು ಅವಲಂಬಿತರಾಗುತ್ತಾರೆ, ಮೂರನೆಯ ಕಂತು ಅವರಿಗೂ ಸಲ್ಲುತ್ತದೆ. ಊರಿನಲ್ಲಿ ಬರುವ ಬಾಡಿಗೆ, ಠೇವಣಿಯ ಬಡ್ಡಿ ಕೂಡ ಆದಾಯವೇ ಎಂಬುದನ್ನು ಮರೆಯಬೇಡಿ. ಕಾಲೇಜಿಗೆ ಹೋಗುವ ಮಕ್ಕಳಿಗೆ ಮೊದಲ ಎರಡು ಕಂತಿನಲ್ಲಿ ಏನೂ ಇರಲಿಲ್ಲ, ಮೂರನೆಯದರಲ್ಲಿ ಇತ್ತು.

ಮೂರನೆಯ ಹೆಜ್ಜೆ: ವರ್ಕ್‌ಶೀಟ್

ಮುಂಗಡ ಕಳುಹಿಸುವಾಗ ಐಆರ್‌ಎಸ್ ಹಳೆಯ ರಿಟರ್ನ್ ನೋಡಿತು. ಮೊದಲ ಕಂತಿಗೆ 2018 ಅಥವಾ 2019ರದ್ದು, ಎರಡನೆಯದಕ್ಕೆ 2019ರದ್ದು, ಮೂರನೆಯದಕ್ಕೆ 2019 ಅಥವಾ 2020ರದ್ದು. ಅಂತಿಮ ಲೆಕ್ಕ ಮಾತ್ರ ಕ್ರೆಡಿಟ್ ಸೇರಿದ ವರ್ಷದ ಆದಾಯ, ಆ ವರ್ಷದ ಕುಟುಂಬದ ಮೇಲೆ. ಮಗು ಹುಟ್ಟಿದ್ದು, ಕೆಲಸ ಹೋದದ್ದು, ಅವಲಂಬಿತನಾಗಿದ್ದ ಮಗ ಸ್ವತಂತ್ರನಾದದ್ದು ಎಲ್ಲ ವ್ಯತ್ಯಾಸ ತಂದದ್ದು ಹೀಗೆ.

ಆದಾಯ ಎಂದರೆ ಇಲ್ಲಿ ಫಾರ್ಮ್ 1040ರ ಸಾಲು 11ರಲ್ಲಿರುವ ಹೊಂದಾಣಿಕೆಯಾದ ಒಟ್ಟು ಆದಾಯ. ಮೊದಲ ಎರಡು ಕಂತುಗಳಲ್ಲಿ ಒಂಟಿಯಾಗಿ ಸಲ್ಲಿಸುವವರಿಗೆ 75,000, ಮನೆಯ ಯಜಮಾನ (ಹೆಡ್ ಆಫ್ ಹೌಸ್‌ಹೋಲ್ಡ್, ಸಂಗಾತಿಯಿಲ್ಲದೆ ಅವಲಂಬಿತರನ್ನು ನೋಡಿಕೊಳ್ಳುವವರು) ಎಂಬ ವರ್ಗಕ್ಕೆ 1,12,500, ಜಂಟಿಯಾಗಿ ಸಲ್ಲಿಸುವವರಿಗೆ 1,50,000 ಡಾಲರ್ ಮೀರಿದ ಆದಾಯದ ಶೇಕಡಾ 5ರಷ್ಟು ಕಡಿತ.

ಒಂದು ಕುಟುಂಬವನ್ನು ತೆಗೆದುಕೊಳ್ಳೋಣ. ಇಬ್ಬರಿಗೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇದೆ. 2019ರ ಜಂಟಿ ಆದಾಯ 1,48,000, ಮಕ್ಕಳಿರಲಿಲ್ಲ. 2020ರ ಆಗಸ್ಟ್‌ನಲ್ಲಿ ಮಗು ಹುಟ್ಟಿತು, ಆ ವರ್ಷದ ಆದಾಯ 1,58,000. ಹಳೆಯ ರಿಟರ್ನ್ ಆಧರಿಸಿ ಮೊದಲ ಕಂತು 2,400, ಎರಡನೆಯದು 1,200 ಬಂದಿತ್ತು.

2020ರ ಪ್ರಕಾರ ಮೊದಲ ಕಂತು 2,400 ಮತ್ತು 500 ಸೇರಿ 2,900. ಮಿತಿ ಮೀರಿದ 8,000ದ ಶೇಕಡಾ 5 ಎಂದರೆ 400 ಕಡಿತ. ಉಳಿದದ್ದು 2,500. ಬಂದದ್ದು 2,400. ಬಾಕಿ 100. ಎರಡನೆಯ ಕಂತು ಮೂವರಿಗೆ 1,800. ಅದೇ 400 ಮತ್ತೆ ಕಡಿತ. ಉಳಿದದ್ದು 1,400. ಬಂದದ್ದು 1,200. ಬಾಕಿ 200. ಸಾಲು 30ರಲ್ಲಿ ಬರೆಯಬೇಕಾದದ್ದು 300. ಮಗುವಿಗೆ 1,100 ಬರುತ್ತದೆ ಎಂದು ನೇರವಾಗಿ 1,100 ಬರೆದವರಿಗೆ ನೋಟಿಸ್ ಬಂದದ್ದು ಆದಾಯದ ಏರಿಕೆಯನ್ನು ಮರೆತದ್ದರಿಂದ.

ಎರಡು ಕಂತುಗಳನ್ನು ಬೇರೆ ಬೇರೆಯಾಗಿಯೇ ಲೆಕ್ಕ ಹಾಕಿ. ಒಂದರಲ್ಲಿ ಹೆಚ್ಚು ಬಂದಿದ್ದರೆ ಅಲ್ಲಿ ಸೊನ್ನೆ ಬರೆದು ಮುಂದೆ ಹೋಗುವುದು ವರ್ಕ್‌ಶೀಟ್‌ನ ನಿಯಮ. ಆ ಹೆಚ್ಚುವರಿಯನ್ನು ಇನ್ನೊಂದರ ಬಾಕಿಯಿಂದ ಕಳೆಯುವಂತಿಲ್ಲ. ಎಲ್ಲವನ್ನೂ ಒಟ್ಟಿಗೆ ಕೂಡಿ ಕಳೆದರೆ ನಿಮಗೇ ನಷ್ಟ.

ಮೂರನೆಯ ಕಂತಿನ ಇಳಿಜಾರು ಕಡಿದು. ಜಂಟಿ ರಿಟರ್ನ್‌ಗೆ 1,50,000ದಲ್ಲಿ ಇಳಿಯಲು ಆರಂಭಿಸಿ 1,60,000ಕ್ಕೆ ಮುಗಿದೇ ಹೋಗುತ್ತದೆ. ಒಂಟಿಯವರಿಗೆ 75,000ದಿಂದ 80,000, ಮನೆಯ ಯಜಮಾನರಿಗೆ 1,12,500ರಿಂದ 1,20,000. ನಾಲ್ವರ ಕುಟುಂಬಕ್ಕೆ ಪೂರ್ಣ ಮೊತ್ತ 5,600. 2021ರ ಆದಾಯ 1,56,000 ಆದರೆ ಕೊನೆಯ ಗೆರೆಗೆ ಉಳಿದಿರುವುದು 4,000, ಅಂದರೆ ಹತ್ತರಲ್ಲಿ ನಾಲ್ಕು ಪಾಲು. ಸಲ್ಲುವುದು 2,240. ಇದೇ ಕುಟುಂಬಕ್ಕೆ 2020ರ ಆದಾಯ 1,49,000 ಇದ್ದು ಪೂರ್ತಿ 5,600 ಬಂದಿದ್ದರೆ ಸಾಲು 30ರಲ್ಲಿ ಸೊನ್ನೆ. ಉಳಿದ 3,360 ಅವರದೇ, ಯಾರೂ ಕೇಳುವುದಿಲ್ಲ.

ನೋಟಿಸ್ ಬಂದಿದ್ದರೆ

ಸಾಲು 30ರಲ್ಲಿ ಏನನ್ನಾದರೂ ಬರೆದು ಅದು ತಪ್ಪಾಗಿದ್ದರೆ ಐಆರ್‌ಎಸ್ ತಾನೇ ತಿದ್ದುತ್ತದೆ. ಅದಕ್ಕೆಂದು ತಿದ್ದುಪಡಿ ರಿಟರ್ನ್ ಸಲ್ಲಿಸಬೇಕಿರಲಿಲ್ಲ. ತಿದ್ದಿದ ಬಳಿಕ ಬರುವ ಪತ್ರ ಸಿಪಿ11 ಆದರೆ ನೀವು ಕಟ್ಟಬೇಕಾದದ್ದಿದೆ, ಸಿಪಿ12 ಆದರೆ ರೀಫಂಡ್ ಮೊತ್ತ ಬದಲಾಗಿದೆ, ಸಿಪಿ13 ಆದರೆ ಕೊಡುವುದೂ ಇಲ್ಲ ಕೊಳ್ಳುವುದೂ ಇಲ್ಲ. ನಿಮ್ಮ ಲೆಕ್ಕವನ್ನು ಮೇಲಿನಂತೆ ಮತ್ತೆ ಮಾಡಿ ನೋಡಿ. ಅವರದೇ ಸರಿಯಾಗಿದ್ದರೆ ಪತ್ರವನ್ನು ಆ ವರ್ಷದ ಕಡತಕ್ಕೆ ಸೇರಿಸಿದರೆ ಮುಗಿಯಿತು, ಕಟ್ಟಬೇಕಾದ ಮೊತ್ತವಿದ್ದರೆ ಕಟ್ಟಿ. ತಪ್ಪೆನಿಸಿದರೆ 60 ದಿನದೊಳಗೆ ಒಪ್ಪುವುದಿಲ್ಲ ಎಂದು ತಿಳಿಸಬೇಕು. ಈ ಗಡುವನ್ನು ಕಳೆದುಕೊಂಡರೆ ನಿಮ್ಮ ಕೈ ಬಹಳ ದುರ್ಬಲವಾಗುತ್ತದೆ. ಮಗುವಿನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದ್ದರೂ, ಕಾರ್ಡಿನಲ್ಲಿರುವ ಹೆಸರಿಗೂ ರಿಟರ್ನ್‌ನಲ್ಲಿರುವ ಹೆಸರಿಗೂ ವ್ಯತ್ಯಾಸವಿದ್ದರೂ ಇಂಥ ನೋಟಿಸ್ ಬರುತ್ತದೆ. ತಂದೆಯ ಹೆಸರು, ಊರಿನ ಹೆಸರು ಸೇರಿಸಿ ಇಟ್ಟ ನಮ್ಮ ಹೆಸರುಗಳು ಅಲ್ಲಿಯ ಮೊದಲ ಹೆಸರು, ಕೊನೆಯ ಹೆಸರಿನ ಚೌಕಗಳಲ್ಲಿ ಹಿಂದುಮುಂದಾಗುವುದು ಹೊಸದೇನಲ್ಲ. ರಿಟರ್ನ್‌ನ ಪ್ರತಿಯನ್ನು ಕಾರ್ಡಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ.

ಗಡುವಿನೊಳಗೆ ಸಲ್ಲಿಸಿದ ಕ್ಲೇಮನ್ನು ಪೂರ್ತಿ ತಿರಸ್ಕರಿಸಿದ ಪತ್ರ ಬಂದಿದ್ದರೆ ಅದರ ತಾರೀಖಿನಿಂದ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ. ಮೇಲ್ಮನವಿ ಬರೆಯುತ್ತ ಕುಳಿತರೂ ಆ ಎರಡು ವರ್ಷ ನಿಲ್ಲುವುದಿಲ್ಲ.

ಸಾಲು 30ನ್ನು ಖಾಲಿ ಬಿಟ್ಟವರ ಕತೆ ಬೇರೆ. ಅವರು ತಿದ್ದುಪಡಿ ರಿಟರ್ನ್ ಆದ ಫಾರ್ಮ್ 1040-ಎಕ್ಸ್ ಮೂಲಕ ತಾವೇ ಕೇಳಬೇಕಿತ್ತು. ಒಂದು ಅಪವಾದ ನಡೆಯಿತು. 2021ರ ರಿಟರ್ನ್‌ನಲ್ಲಿ ಈ ಸಾಲನ್ನು ಖಾಲಿ ಬಿಟ್ಟ ಅಥವಾ ಸೊನ್ನೆ ಬರೆದ, ಆದರೆ ಅರ್ಹರಾಗಿದ್ದ ಸುಮಾರು 10 ಲಕ್ಷ ಜನರಿಗೆ ತಾನಾಗಿಯೇ ಹಣ ಕಳುಹಿಸುವುದಾಗಿ 2024ರ ಡಿಸೆಂಬರ್‌ನಲ್ಲಿ ಐಆರ್‌ಎಸ್ ಪ್ರಕಟಿಸಿತು. ಒಟ್ಟು ಮೊತ್ತ ಸುಮಾರು 240 ಕೋಟಿ ಡಾಲರ್. 2025ರ ಜನವರಿಯ ಸುಮಾರಿಗೆ ಏನೆಂದು ತಿಳಿಯದ 1,400 ನಿಮ್ಮ ಖಾತೆಗೆ ಬಿದ್ದಿದ್ದರೆ ಮೂಲ ಬಹುಶಃ ಇದೇ.

ಸಲ್ಲದ ಹಣ ಬಂದಿದ್ದರೆ

ಸಾಮಾನ್ಯ ತೆರಿಗೆ ತಂತ್ರಾಂಶದಲ್ಲಿ ಕೂತು ಫಾರ್ಮ್ 1040 ಸಲ್ಲಿಸಿದ ಎಫ್-1 ವಿದ್ಯಾರ್ಥಿಗಳು ಕಡಿಮೆಯಿಲ್ಲ. ಆ ತಂತ್ರಾಂಶ ವೀಸಾದ ಬಗ್ಗೆ ಒತ್ತಿ ಕೇಳುವುದಿಲ್ಲ. ಐಆರ್‌ಎಸ್‌ನ ಕಂಪ್ಯೂಟರಿಗೆ ಇವರು ನಿವಾಸಿಗಳಾಗಿ ಕಂಡರು, 2020ರ ಏಪ್ರಿಲ್‌ನಲ್ಲಿ 1,200 ಬಂತು. ಆದಾಯ ಏರಿದವರಿಗೆ ಇರುವ ಮಾಫಿ ಇವರಿಗೆ ಅನ್ವಯಿಸುವುದಿಲ್ಲ. ಅನಿವಾಸಿಗೆ ಈ ಹಣ ಆರಂಭದಿಂದಲೇ ಸಲ್ಲುವುದಲ್ಲ, ಮರಳಿಸಬೇಕೆಂದೇ ಐಆರ್‌ಎಸ್ ಹೇಳಿದ್ದು.

ಇಲ್ಲಿ ಎರಡು ಕೆಲಸಗಳಿವೆ, ಒಂದನ್ನು ಮಾಡಿ ಇನ್ನೊಂದನ್ನು ಬಿಡಬೇಡಿ. ಒಂದು, ನೇರವಾಗಿ ಬಂದ ಮುಂಗಡವನ್ನು ಮರಳಿಸುವುದು. ನಗದು ಮಾಡದ ಚೆಕ್ ಇದ್ದರೆ ಹಿಂಬದಿಯಲ್ಲಿ ಸಹಿ ಮಾಡುವ ಜಾಗದಲ್ಲಿ ರದ್ದು (Void) ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಮಡಚಬೇಡಿ, ಪಿನ್ ಹಾಕಬೇಡಿ. ಏಕೆ ಮರಳಿಸುತ್ತಿದ್ದೀರಿ ಎಂಬ ಚುಟುಕು ಟಿಪ್ಪಣಿಯೊಂದಿಗೆ ನೀವಿರುವ ರಾಜ್ಯಕ್ಕೆ ಗೊತ್ತುಪಡಿಸಿದ ಐಆರ್‌ಎಸ್ ವಿಳಾಸಕ್ಕೆ ಕಳುಹಿಸಿ. ಖಾತೆಗೆ ಬಿದ್ದಿದ್ದರೆ ಯು.ಎಸ್. ಟ್ರೆಷರಿ ಹೆಸರಿಗೆ ನಿಮ್ಮ ಚೆಕ್ ಅಥವಾ ಮನಿ ಆರ್ಡರ್. ಅದರ ಮೇಲೆ ಯಾವ ಕಂತು, ನಿಮ್ಮ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರಬೇಕು.

ಎರಡು, ರಿಟರ್ನನ್ನೇ ಸರಿಪಡಿಸುವುದು. ಫಾರ್ಮ್ 1040-ಎಕ್ಸ್‌ನ ಮೊದಲ ಪುಟದಲ್ಲಿ ಹೆಸರು, ವಿಳಾಸ, ಸಂಖ್ಯೆ ಮಾತ್ರ ತುಂಬಿ, ಕಾರಣ ಬರೆಯುವ ಭಾಗದಲ್ಲಿ ಅನಿವಾಸಿಯಾಗಿದ್ದರೂ ತಪ್ಪು ಫಾರ್ಮ್ ಸಲ್ಲಿಸಿದ್ದನ್ನು ವಿವರಿಸಿ, ಸರಿಯಾದ 1040-ಎನ್‌ಆರ್ ಅನ್ನು ಹಿಂದೆ ಲಗತ್ತಿಸಬೇಕು. ಅದರ ತಲೆಯ ಮೇಲೆ ತಿದ್ದುಪಡಿ (Amended) ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ವೀಸಾದ ಕಾರಣ ನಿವಾಸಿತನದ ಎಣಿಕೆಗೆ ಬಾರದ ದಿನಗಳನ್ನು ತಿಳಿಸುವ ಫಾರ್ಮ್ 8843 ಜೊತೆಗಿರಲಿ. ಇಷ್ಟು ಹಳೆಯ ವರ್ಷಗಳಿಗೆ ಇ-ಫೈಲಿಂಗ್ ಇಲ್ಲ, ಕಾಗದದಲ್ಲೇ ಅಂಚೆಯಲ್ಲಿ ಹೋಗಬೇಕು. ಹಣ ಮುಂಗಡವಾಗಿ ಬರದೆ ನೀವೇ ಸಾಲು 30ರಲ್ಲಿ ಕೇಳಿ ಪಡೆದದ್ದಾದರೆ, ಈ ತಿದ್ದುಪಡಿಯ ಲೆಕ್ಕದಲ್ಲೇ ಅದು ಬಾಕಿಯಾಗಿ ಬರುತ್ತದೆ. ಬೇರೆ ಚೆಕ್ ಬರೆದರೆ ಎರಡು ಬಾರಿ ಕಟ್ಟಿದಂತಾಗುತ್ತದೆ.

ತಿದ್ದಿದರೆ ತೆರಿಗೆ ವಿಪರೀತ ಏರುತ್ತದೆ ಎಂಬ ಭಯ ಇಲ್ಲಿಂದ ಹೋದ ವಿದ್ಯಾರ್ಥಿಗಳಿಗೆ ಅಷ್ಟಾಗಿ ಬೇಕಿಲ್ಲ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೆಯ ವಿಧಿಯ ಎರಡನೆಯ ಉಪವಿಧಿ ಭಾರತೀಯ ವಿದ್ಯಾರ್ಥಿಗೆ 1040-ಎನ್‌ಆರ್‌ನಲ್ಲೂ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಡುತ್ತದೆ, 2020ಕ್ಕೆ ಅದು 12,400 ಡಾಲರ್. ಬೇರೆ ಬಹುತೇಕ ದೇಶಗಳ ವಿದ್ಯಾರ್ಥಿಗಳಿಗೆ ಈ ಅನುಕೂಲವಿಲ್ಲ. ಬ್ಯಾಂಕ್ ಬಡ್ಡಿಯ ಮೇಲಿನ ತೆರಿಗೆಯೂ ಅನಿವಾಸಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕಳೆದುಕೊಳ್ಳುವುದು ಹೆಚ್ಚಾಗಿ ಶಿಕ್ಷಣ ಕ್ರೆಡಿಟ್, ಅದನ್ನೂ ತಪ್ಪಾಗಿ ಪಡೆದಿದ್ದರೆ.

ಮರಳಿಸುವ ಮುನ್ನ ವರ್ಷವನ್ನು ಇನ್ನೊಮ್ಮೆ ನೋಡಿ. 2020ರ ತಪ್ಪು ರಿಟರ್ನ್ ಆಧರಿಸಿ 2021ರಲ್ಲಿ ಮೂರನೆಯ ಕಂತು ಬಂದಿದ್ದು, 2021ರಲ್ಲಿ ನೀವು ನಿಜವಾಗಿಯೂ ನಿವಾಸಿಯಾಗಿದ್ದು, ಉಳಿದ ಷರತ್ತುಗಳೂ ಹೊಂದಿದರೆ ಆ 1,400 ನಿಮ್ಮದೇ. ಮೊದಲ ಎರಡನ್ನು ಮಾತ್ರ ಮರಳಿಸಬೇಕು. ಭಯದಿಂದ ಮೂರನ್ನೂ ವಾಪಸ್ ಕಟ್ಟಬೇಡಿ.

ಇವುಗಳನ್ನು ಸೇರಿಸಬೇಡಿ

2021ರ ಜುಲೈನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 250 ಅಥವಾ 300ರಂತೆ ಮಕ್ಕಳ ಹೆಸರಿನಲ್ಲಿ ಬಂದದ್ದು ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್‌ನ ಮುಂಗಡ. ಅದರ ಪತ್ರ 6419, ಲೆಕ್ಕ ಷೆಡ್ಯೂಲ್ 8812ರಲ್ಲಿ. ಅಲ್ಲಿ ಹೆಚ್ಚು ಬಂದಿದ್ದರೆ ಮರಳಿ ಕಟ್ಟಬೇಕಾಗಬಹುದು, ನಿಯಮವೇ ಬೇರೆ. ಕ್ಯಾಲಿಫೋರ್ನಿಯಾದ ಗೋಲ್ಡನ್ ಸ್ಟೇಟ್ ಸ್ಟಿಮ್ಯುಲಸ್‌ನಂಥ ರಾಜ್ಯ ಸರ್ಕಾರಗಳ ಹಣಕ್ಕೆ ಸಾಲು 30ರಲ್ಲಿ ಜಾಗವಿಲ್ಲ. ನಿರುದ್ಯೋಗ ಭತ್ಯೆ ಆದಾಯವೇ ಆದ್ದರಿಂದ ಅದು ರಿಟರ್ನ್‌ನ ಬೇರೆ ಕಡೆ ಹೋಗುತ್ತದೆ.

ಅಂಚೆಯಲ್ಲಿ ಕಳುಹಿಸುವ ಪ್ರತಿಯೊಂದನ್ನೂ, ಚೆಕ್‌ನ ಎರಡೂ ಬದಿಗಳನ್ನೂ ಸೇರಿಸಿ, ಮೊದಲು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಸರ್ಟಿಫೈಡ್ ಮೇಲ್‌ನಲ್ಲಿ ಕಳುಹಿಸಿ ರಸೀದಿ ಉಳಿಸಿಕೊಳ್ಳಿ. ಕೆಲವು ತಿಂಗಳ ನಂತರ ಆ ವರ್ಷದ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ ಮತ್ತೆ ಇಳಿಸಿ, ನೀವು ಮರಳಿಸಿದ ಮೊತ್ತ ಸರಿಯಾದ ವರ್ಷದಲ್ಲಿ ಜಮೆಯಾಗಿದೆಯೇ ನೋಡಿ. ಬೆಂಗಳೂರಿಗೋ ಮೈಸೂರಿಗೋ ವಾಪಸ್ ಹೊರಟವರಾದರೆ ಅಲ್ಲಿಯ ಬ್ಯಾಂಕ್ ಖಾತೆಯನ್ನು ಮುಚ್ಚುವ ಮೊದಲೇ ಇದೆಲ್ಲ ಮುಗಿಯಲಿ, ಫಾರ್ಮ್ 8822 ಸಲ್ಲಿಸಿ ಭಾರತದ ವಿಳಾಸವನ್ನು ಐಆರ್‌ಎಸ್‌ಗೆ ಕೊಟ್ಟಿರಿ.